ಡಿ-ಡೈಮರ್ ಜಾಸ್ತಿ ಬಂದರೆ ರಕ್ತ ಹೆಪ್ಪುಗಟ್ಟಿದೆ ಅಂತಲೇ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ರಕ್ತ ಪರೀಕ್ಷೆಯಲ್ಲಿ ಡಿ-ಡೈಮರ್ 680 ಬಂದಿದೆ. 500ರ ಒಳಗಿರಬೇಕು ಅಂತ ರಿಪೋರ್ಟಿನಲ್ಲಿದೆ. ಮೈಯಲ್ಲಿ ಎಲ್ಲೋ ರಕ್ತ ಹೆಪ್ಪುಗಟ್ಟಿದೆಯೇ?

ಉತ್ತರ: ಈ ಒಂದು ಅಂಕಿ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಗಾಯವಾದಾಗ ಫೈಬ್ರಿನ್ ಎಂಬ ನಾರು ಬಲೆಯಂತೆ ಹೆಣೆದುಕೊಂಡು ರಕ್ತವನ್ನು ತಡೆಯುತ್ತದೆ. ಕೆಲಸ ಮುಗಿದ ಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಆ ಬಲೆಯನ್ನು ಕತ್ತರಿಸುತ್ತದೆ. ಆಗ ಉದುರುವ ಚೂರುಗಳಲ್ಲಿ ಡಿ-ಡೈಮರ್ ಕೂಡ ಒಂದು. 'ಡಿ' ಎಂಬ ಎರಡು ತುಂಡುಗಳು ಬೆಸೆದುಕೊಂಡಿರುವುದರಿಂದ ಈ ಹೆಸರು. ಎಲ್ಲೋ ಇಂಥ ಬಲೆ ಕಟ್ಟಿ ಕರಗುತ್ತಿದೆ ಅಂತ ಮಾತ್ರ ಇದರಿಂದ ಗೊತ್ತಾಗುತ್ತದೆ. ಎಲ್ಲಿ, ಯಾಕೆ ಅನ್ನುವುದು ಗೊತ್ತಾಗುವುದಿಲ್ಲ.

ಆಪರೇಷನ್ ಆದವರಲ್ಲಿ, ಬಿದ್ದು ಪೆಟ್ಟಾದವರಲ್ಲಿ, ಗರ್ಭಿಣಿಯರಲ್ಲಿ, ನ್ಯುಮೋನಿಯಾ ಅಥವಾ ಕ್ಯಾನ್ಸರ್ ಇರುವವರಲ್ಲಿ ಇದು ಏರುತ್ತದೆ. ಕೊಳಕುಮಂಡಲ ಹಾವು ಕಚ್ಚಿದರೂ ವಿಪರೀತ ಏರುತ್ತದೆ. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮನೆಗೂ ಗೊತ್ತಾಯಿತು, ಅಲ್ವಾ? ಆಗ ಹುಟ್ಟಿದ ಭಯ ಇನ್ನೂ ಹೋಗಿಲ್ಲ.

ವಯಸ್ಸಾದಂತೆಯೂ ಇದು ಏರುತ್ತದೆ. ಹಾಗಾಗಿ 50 ದಾಟಿದವರಿಗೆ ಅನೇಕ ವೈದ್ಯರು ವಯಸ್ಸನ್ನು 10ರಿಂದ ಗುಣಿಸಿ ಮಿತಿ ಹಾಕುತ್ತಾರೆ. ನಿಮ್ಮ ತಂದೆಗೆ ಅದು 720. ಆ ಲೆಕ್ಕದಲ್ಲಿ 680 ಮಿತಿಯೊಳಗೇ ಇದೆ. ಆದರೆ ಅಂಕಿಯ ಪಕ್ಕದಲ್ಲಿರುವ ಅಳತೆಯನ್ನು ದಯವಿಟ್ಟು ನೋಡಿ. ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ, ಎಫ್‌ಇಯು (FEU, ಫೈಬ್ರಿನ್ ಆಗುವ ಮೂಲ ವಸ್ತುವಿನ ಲೆಕ್ಕದ ಅಳತೆ) ಅಂತ ಇದ್ದರೆ ಮಾತ್ರ ಈ ಲೆಕ್ಕ ಸರಿ. ಕೆಲವು ಲ್ಯಾಬ್‌ಗಳು ಡಿಡಿಯು (DDU, ಬರೀ ಡಿ-ಡೈಮರ್ ಲೆಕ್ಕದ) ಅಳತೆಯಲ್ಲಿ ಕೊಡುತ್ತವೆ. ಅದರ ಅಂಕಿ ಸುಮಾರು ಅರ್ಧದಷ್ಟಿರುತ್ತದೆ. ಎರಡು ಲ್ಯಾಬ್‌ಗಳ ರಿಪೋರ್ಟ್ ಹೋಲಿಸುವಾಗ ಜನ ಎಡವುವುದು ಇಲ್ಲೇ.

ಈ ಪರೀಕ್ಷೆ ಹೆಚ್ಚು ನೆರವಾಗುವುದು 'ಇಲ್ಲ' ಅನ್ನುವುದಕ್ಕೆ. ವೈದ್ಯರು ರೋಗಿಯನ್ನು ನೋಡಿ ಸಂಶಯ ಕಡಿಮೆ ಅಂದಾಗ, ಡಿ-ಡೈಮರ್ ಕೂಡ ಕಡಿಮೆ ಬಂದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪಿಲ್ಲ ಅಂತ ಹೆಚ್ಚುಕಡಿಮೆ ನಿಶ್ಚಿಂತೆಯಿಂದ ಇರಬಹುದು. 'ಇದೆ' ಅನ್ನಲು ಕಾಲಿಗೆ ಡಾಪ್ಲರ್ ಸ್ಕ್ಯಾನ್, ಶ್ವಾಸಕೋಶಕ್ಕೆ ಸಿಟಿ ಆಂಜಿಯೋಗ್ರಾಂ ಬೇಕು. ಅದಕ್ಕೇ, ಯಾವ ತೊಂದರೆಯೂ ಇಲ್ಲದವರು ಪ್ಯಾಕೇಜಿನಲ್ಲಿದೆ ಅಂತ ಇದನ್ನು ಸುಮ್ನೆ ಮಾಡಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ತಂದೆಯವರಿಗೆ ಈ ಪರೀಕ್ಷೆ ಯಾಕೆ ಬರೆದರು ಅಂತ ಡಾಕ್ಟರನ್ನು ಕೇಳಿ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಇವತ್ತೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ರಿಪೋರ್ಟಿನಲ್ಲಿ ಅಂಕಿ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.