ಕಾಗೆ ಅಂದಳಾ, ತಾದೆ ಅಂದಳಾ?

ನಾಲ್ಕು ವರ್ಷದ ಹುಡುಗಿ. ಎದುರಿಗೆ ಮೇಜು, ಮೇಜಿನ ಮೇಲೆ ಚಿತ್ರದ ಕಾರ್ಡು. ಕೊಂಬೆಯ ಮೇಲೆ ಕೂತ ಕಪ್ಪು ಹಕ್ಕಿ. "ಇದೇನು ಪುಟ್ಟಿ?" ಅಂತ ಸ್ಪೀಚ್ ಥೆರಪಿ, ಅಂದರೆ ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವುದನ್ನು, ಕಲಿಯುತ್ತಿರುವ ನನ್ನ ವಿದ್ಯಾರ್ಥಿನಿ ಕೇಳಿದಳು. ಮಗು ಹೇಳಿತು. ವಿದ್ಯಾರ್ಥಿನಿ ಹಾಳೆಯಲ್ಲಿ 'ಕಾಗೆ' ಅಂತ ಬರೆದು ಪಕ್ಕದಲ್ಲಿ ಸರಿ ಗುರುತು ಹಾಕಿದಳು. ಗಾಜಿನ ಈಚೆ ಕೂತಿದ್ದ ನಾನು ನನ್ನ ಹಾಳೆಯಲ್ಲಿ 'ತಾದೆ' ಅಂತ ಬರೆದುಕೊಂಡಿದ್ದೆ.

ಮಗು ಹೋದ ಮೇಲೆ ರೆಕಾರ್ಡಿಂಗ್ ಹಾಕಿದೆ. ಮೊದಲ ಸಲ ಅವಳಿಗೆ 'ಕಾಗೆ' ಅಂತಲೇ ಕೇಳಿಸಿತು. ಎರಡನೇ ಸಲ ಅನುಮಾನ ಬಂತು. ಮೂರನೇ ಸಲಕ್ಕೆ ಮುಖವೇ ಬದಲಾಯಿತು. "ಅಯ್ಯೋ, ತ ಅಂತಾನೇ ಇದೆ ಮೇಡಂ! ನನಗ್ಯಾಕೆ ಕೇಳಿಸಲೇ ಇಲ್ಲ?"

ಅವಳ ಕಿವಿಯಲ್ಲಿ ದೋಷವಿಲ್ಲ. ನಮ್ಮೆಲ್ಲರ ಮಿದುಳೂ ಇರುವುದೇ ಹಾಗೆ. 1970ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರೆನ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಇಂಗ್ಲಿಷ್ ವಾಕ್ಯವನ್ನು ರೆಕಾರ್ಡ್ ಮಾಡಿ, ಅದರಲ್ಲಿದ್ದ 'ಲೆಜಿಸ್ಲೇಚರ್ಸ್' ಪದದ ನಡುವಿನ 'ಸ' ಸದ್ದನ್ನು ಪೂರ್ತಿ ಕತ್ತರಿಸಿ ತೆಗೆದಿದ್ದರು. ಆ ಜಾಗಕ್ಕೆ ಒಂದು ಕೆಮ್ಮು ಸೇರಿಸಿದ್ದರು. ಅದನ್ನು 20 ಜನರಿಗೆ ಕೇಳಿಸಿದಾಗ 19 ಜನ ಯಾವ ಸದ್ದೂ ಬಿಟ್ಟುಹೋಗಿಲ್ಲ ಅಂದರು. ಉಳಿದ ಒಬ್ಬರು ಏನೋ ಬಿಟ್ಟುಹೋಗಿದೆ ಅಂದರು, ಆದರೆ ಯಾವುದು ಅಂತ ತಪ್ಪಾಗಿ ಹೇಳಿದರು. ಇಲ್ಲದ ಸದ್ದನ್ನು ಮಿದುಳು ತಾನೇ ತುಂಬಿಕೊಂಡಿತ್ತು. ಸಂತೆಯ ಗಲಾಟೆಯಲ್ಲೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದು ಈ ಗುಣದಿಂದಲೇ. ಹರಕು ಮುರುಕು ಸದ್ದು ಬಂದರೂ ಮಿದುಳು ಅದನ್ನು ಹೊಲಿದು ಅರ್ಥ ಮಾಡಿಕೊಡುತ್ತದೆ.

ಆದರೆ ಸ್ಪೀಚ್ ಥೆರಪಿಸ್ಟ್ ಆಗಬೇಕಾದವರು ಈ ಹೊಲಿಗೆ ಬಿಚ್ಚುವುದನ್ನು ಕಲಿಯಬೇಕು. ಮಗು ಏನು ಹೇಳಬೇಕೆಂದುಕೊಂಡಿತ್ತು ಅನ್ನುವುದು ಒಂದು, ಬಾಯಿಂದ ಏನು ಬಂತು ಅನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಬೇಕು. ಕಾಲೇಜಿನಲ್ಲಿ ನಾನು ಮಾಡುವ ಕೆಲಸದ ಮುಕ್ಕಾಲು ಪಾಲು ಇದೇ. ಮಾತು ಕಲಿಸುವ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. ಮೊದಲು ಕಲಿಸಬೇಕಾದದ್ದು ಕೇಳುವುದನ್ನು.

ಈ ಪಾಠಕ್ಕೆ ಕನ್ನಡದಲ್ಲಿ ಒಂದು ದೊಡ್ಡ ಅನುಕೂಲವಿದೆ. ಸುಮ್ನೆ ಒಂದು ಸಲ ಕ, ಚ, ಟ, ತ, ಪ ಅಂತ ನಿಧಾನವಾಗಿ ಹೇಳಿ ನೋಡಿ. ಕ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಿನ ಹಿಂಬದಿಗೆ ತಾಗುತ್ತದೆ. ಚ, ಟ ದಾಟಿ ತ ಬರುವ ಹೊತ್ತಿಗೆ ನಾಲಿಗೆಯ ತುದಿ ಹಲ್ಲಿನ ಹತ್ತಿರ ಬಂದಿರುತ್ತದೆ. ಪ ಅನ್ನುವಾಗ ತುಟಿ ಮುಚ್ಚುತ್ತದೆ. ಒಂದನೇ ಕ್ಲಾಸಿನಲ್ಲಿ ಕಂಠಪಾಠ ಮಾಡಿದ ವರ್ಣಮಾಲೆ ಬಾಯಿಯ ನಕ್ಷೆಯೇ ಆಗಿದೆ, ಅಲ್ವಾ? 'ಕಾಗೆ'ಯನ್ನು 'ತಾದೆ' ಮಾಡಿದ ಹುಡುಗಿ ಈ ನಕ್ಷೆಯಲ್ಲಿ ಮೊದಲ ಸಾಲಿನಿಂದ ನಾಲ್ಕನೇ ಸಾಲಿಗೆ ಜಾರಿದ್ದಾಳೆ. ಕ ತ ಆಯಿತು, ಗ ದ ಆಯಿತು. ಅಂದರೆ ಅವಳು ಮನಸ್ಸಿಗೆ ಬಂದಂತೆ ತಪ್ಪು ಮಾಡುತ್ತಿಲ್ಲ, ಒಂದು ನಿಯಮ ಹಿಡಿದು ತಪ್ಪು ಮಾಡುತ್ತಿದ್ದಾಳೆ. ಆ ನಿಯಮ ಕಂಡರೆ ಚಿಕಿತ್ಸೆ ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಕಾಣುತ್ತದೆ. ಹಾಳೆಯಲ್ಲಿ ಬರೀ ಸರಿ ಗುರುತು ಇದ್ದರೆ ಇದ್ಯಾವುದೂ ಕಾಣುವುದಿಲ್ಲ.

ಕಿವಿ ಪಳಗುವುದು ಬಹಳ ಬೇಗ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು ಇಂಗ್ಲಿಷ್ ಮಾತಾಡುವ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡರ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಮನೆಯಲ್ಲಿ ಬೇಕಿಲ್ಲದ ವ್ಯತ್ಯಾಸವನ್ನು ಕಿವಿ ಅಷ್ಟರಲ್ಲೇ ಬಿಟ್ಟುಕೊಟ್ಟಿತ್ತು. ನಮ್ಮ ಮಕ್ಕಳಿಗೆ 'ತಟ್ಟೆ' ಅನ್ನುವ ಒಂದೇ ಪದದಲ್ಲಿ ಎರಡೂ ಬೇಕು.

ಹೀಗಿರುವಾಗ ಇಂಗ್ಲಿಷಿಗಾಗಿ ಮಾಡಿದ ಪರೀಕ್ಷೆಯನ್ನು ಅನುವಾದಿಸಿ ಕನ್ನಡದ ಮಗುವಿನ ಮುಂದೆ ಇಟ್ಟರೆ ಆಗುವುದಿಲ್ಲ. ಇಂಗ್ಲಿಷ್ ಪರೀಕ್ಷೆ ನಮ್ಮ ಳ, ಣಗಳನ್ನು ಕೇಳುವುದೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1960ರ ದಶಕದ ನಡುವೆ. 1972ರ ಹೊತ್ತಿಗೆ ಕನ್ನಡದ್ದೇ ಒಂದು ಉಚ್ಚಾರಣೆ ಪರೀಕ್ಷೆ ತಯಾರಾಗಿತ್ತು. ಬಾಬು, ರತ್ನ ಮತ್ತು ಬೆಟ್ಟಗೇರಿ ಅದನ್ನು ರೂಪಿಸಿದವರು. 1980ರಲ್ಲಿ ಪ್ರತಿಭಾ ಕಾರಂತ ಅವರು ಕನ್ನಡದ ವ್ಯಾಕರಣ, ಅರ್ಥ ಎಲ್ಲವನ್ನೂ ನೋಡುವ ಭಾಷಾ ಪರೀಕ್ಷೆ ಮಾಡಿದರು. ಇಂಥ ಕೆಲಸದ ಬಗ್ಗೆ ಹೊರಗೆ ಯಾರೂ ಮಾತಾಡುವುದಿಲ್ಲ. ನನಗೆ ಮಾತ್ರ ಪ್ರತಿ ವರ್ಷ ಇದನ್ನು ಪಾಠ ಮಾಡುವಾಗ ಮನಸ್ಸು ತುಂಬಿ ಬರುತ್ತದೆ. ಮಗುವಿನ ಭಾಷೆಯಲ್ಲೇ ಮಗುವನ್ನು ಕೇಳಿಸಿಕೊಳ್ಳಬೇಕು ಅಂತ ಯಾರೋ ಹಟ ಹಿಡಿದು ಕೂತು ಮಾಡಿದ ಕೆಲಸ ಅದು.

ಪರೀಕ್ಷೆ ಕನ್ನಡದ್ದಾದರೂ ಅದರಲ್ಲಿರುವುದು ಯಾವ ಕನ್ನಡ ಅನ್ನುವ ಪ್ರಶ್ನೆ ಉಳಿಯುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಐದು ವರ್ಷದ ಒಬ್ಬ ಹುಡುಗನಿಗೆ ಹಲವು ವಾರ 'ಹಾಲು' ಅನ್ನಿಸಲು ಹೆಣಗಿದೆ. ಅವನು 'ಆಲು' ಅನ್ನುತ್ತಿದ್ದ. ಕೊನೆಗೊಂದು ದಿನ ಅವನ ತಾಯಿ ಮೆಲ್ಲಗೆ ಹೇಳಿದರು: "ನಮ್ಮೂರಲ್ಲಿ ಎಲ್ರೂ ಆಲು ಅಂತಾನೇ ಅನ್ನೋದು ಕಣಕ್ಕ. ನಮ್ಮತ್ತೇರೂ ಅಂಗೇ ಅಂತಾರೆ." ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮಗುವಿಗೆ ನಿಜವಾದ ತೊಂದರೆ ಇದ್ದದ್ದು 'ರ'ದಲ್ಲಿ. ಅದನ್ನು ಬಿಟ್ಟು ನಾನು ಅವನ ಊರನ್ನೇ ತಿದ್ದಲು ಹೊರಟಿದ್ದೆ. 'ಭಾರತ'ವನ್ನು 'ಬಾರತ' ಅನ್ನುವುದೂ ಹಾಗೇ. ಮಹಾಪ್ರಾಣವನ್ನು ದಿನದ ಮಾತಿನಲ್ಲಿ ಉಳಿಸಿಕೊಂಡಿರುವವರು ಎಷ್ಟು ಜನ? ಈಗ ನನ್ನ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಮಗುವಿನ ಮಾತು ಕೇಳುವ ಮುಂಚೆ ಅದರ ಅಮ್ಮ, ಅಜ್ಜಿ ಹೇಗೆ ಮಾತಾಡುತ್ತಾರೆ ಅಂತ ಹತ್ತು ನಿಮಿಷ ಕೇಳಿ.

ಹಾಗೆ ಕೇಳುತ್ತಾ ಕೂತಾಗ ಬೇರೆ ವಿಷಯಗಳೂ ಹೊರಗೆ ಬರುತ್ತವೆ. "ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೀವಿ, ಇನ್ನೂ ಮಾತು ಬಂದಿಲ್ಲ." "ಅವರಪ್ಪನೂ ತಡವಾಗೇ ಮಾತಾಡಿದ್ದು." ಇದನ್ನೆಲ್ಲ ಹಗುರವಾಗಿ ತಳ್ಳಿಹಾಕಬಾರದು. ಅದರ ಹಿಂದೆ ಎರಡು ವರ್ಷದ ಕಳವಳ ಇರುತ್ತದೆ. ಆದರೆ ಮಾತು ತಡವಾದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಅದನ್ನು ಖಡಾಖಂಡಿತವಾಗಿ ಹೇಳಬೇಕು.

ದೊಡ್ಡವರ ವಿಷಯದಲ್ಲಿ ಕಷ್ಟ ಬೇರೆ ರೀತಿಯದು. ಲಕ್ವ ಹೊಡೆದು ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಭಾಷೆಯೇ ಕಲಸಿಹೋಗಬಹುದು. ಕನ್ನಡದ ಕ್ರಿಯಾಪದದ ಬಾಲದಲ್ಲೇ ಎಲ್ಲ ಇರುತ್ತದೆ. ಬಂದ, ಬಂದಳು, ಬಂದರು, ಬರುತ್ತಾಳೆ: ಯಾರು, ಎಷ್ಟು ಜನ, ಯಾವಾಗ, ಮರ್ಯಾದೆ ಎಷ್ಟು, ಎಲ್ಲವೂ. ಹಿರಿಯರೊಬ್ಬರು ಲಕ್ವದ ನಂತರ ಸೊಸೆಯನ್ನು "ಬಾರೋ" ಅಂತ ಕರೆಯತೊಡಗಿದರು. ಆಕೆಗೆ ತುಂಬಾ ನೋವಾಗಿತ್ತು. ಅದು ಮನಸ್ಸಿನ ಮಾತಲ್ಲ, 'ಬಾರಮ್ಮ' ಅನ್ನುವ ಬಾಲ ಸಿಗದೆ ಬೇರೆ ಬಾಲ ಅಂಟಿಕೊಂಡಿದೆ ಅಂತ ವಿವರಿಸಿದಾಗ ಆಕೆ ಅತ್ತೇಬಿಟ್ಟರು. ಇಂಥವರ ಮುಂದೆ ಕೂತ ವಿದ್ಯಾರ್ಥಿ ಪ್ರಶ್ನೆ ಕೇಳಿ ಎರಡು ಸೆಕೆಂಡಿಗೆ ತಾನೇ ಉತ್ತರ ಹೇಳಿಬಿಡುತ್ತಾನೆ. ಸುಮ್ಮನಿರುವುದು ಅಷ್ಟು ಕಷ್ಟ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಅನ್ನುತ್ತೇನೆ. ಏಳಕ್ಕೋ ಎಂಟಕ್ಕೋ ಪದ ಬರುವುದುಂಟು.

ಇನ್ನು ನುಂಗುವುದು. ಅದೂ ನಮ್ಮ ಕೆಲಸವೇ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ. ಅದು ಮೇಲೆದ್ದು ಇಳಿಯುತ್ತದೆ. ಆ ಒಂದು ಗಳಿಗೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ನೀರು ಶ್ವಾಸಕೋಶದ ಕಡೆಗೆ ಇಳಿದು ನ್ಯುಮೋನಿಯಾ ಆಗಬಹುದು. ಕೆಮ್ಮು ಬಂದೇ ಬರುತ್ತದೆ ಅನ್ನುವಂತಿಲ್ಲ. ಕುಡಿದ ಮೇಲೆ ದನಿ ಮಾತ್ರ ಒದ್ದೆಯಾಗಿ, ಗೊರಗೊರ ಅಂತ ಕೇಳಿಸುವುದುಂಟು.

ಹಬ್ಬಕ್ಕೆ ಊರಿಗೆ ಹೋಗಿದ್ದ ಆ 'ಕಾಗೆ' ವಿದ್ಯಾರ್ಥಿನಿ ಒಂದು ರಾತ್ರಿ ಫೋನ್ ಮಾಡಿದಳು. "ಮೇಡಂ, ನಮ್ಮಜ್ಜಿ ಸಾರು ಕುಡಿದ ಮೇಲೆ ದನಿ ಒದ್ದೆ ಒದ್ದೆ ಕೇಳ್ತಿದೆ. ಮನೇಲಿ ಯಾರಿಗೂ ಗೊತ್ತಾಗ್ತಿಲ್ಲ." ಅಜ್ಜಿಗೆ ಆ ವರ್ಷ ಸಣ್ಣದಾಗಿ ಲಕ್ವ ಹೊಡೆದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೇರಿಯಂ ಅನ್ನುವ, ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಕುಡಿಸಿ ಎಕ್ಸ್‌ರೇ ವಿಡಿಯೋ ತೆಗೆದಾಗ ಸ್ವಲ್ಪ ಸ್ವಲ್ಪ ಉಸಿರಿನ ದಾರಿಗೆ ಜಾರುತ್ತಿರುವುದು ಕಾಣಿಸಿತು. ಈಗ ಅಜ್ಜಿ ಸಾರನ್ನು ಸಣ್ಣ ಸಣ್ಣ ಗುಟುಕಾಗಿ, ಗದ್ದ ಎದೆಯ ಕಡೆ ತಗ್ಗಿಸಿ ನುಂಗುತ್ತಾರೆ. ಪ್ರತಿ ಗುಟುಕಿನ ನಂತರ ಮೊಮ್ಮಗಳು "ಆ ಅನ್ನಜ್ಜಿ" ಅನ್ನುತ್ತಾಳಂತೆ. ಅಜ್ಜಿ "ಆ" ಅನ್ನುತ್ತಾರಂತೆ. ಇವಳು ಕೇಳಿಸಿಕೊಳ್ಳುತ್ತಾಳೆ.