ಐದು ವರ್ಷಕ್ಕೆ ಅಂತ ಕಟ್ಟಿದ ಹಡಗು ಎಂಬತ್ತು ದಾಟಿದ್ದು ಹೇಗೆ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದವ್ರು ಅವಸರದಲ್ಲಿ ಕಟ್ಟಿದ ಲಿಬರ್ಟಿ ಅನ್ನೋ ಸರಕಿನ ಹಡಗುಗಳು ಐದು ವರ್ಷ ಬಾಳಿದ್ರೆ ಸಾಕು ಅನ್ನೋ ಲೆಕ್ಕದಲ್ಲಿ ಮಾಡಿದ್ದಂತೆ. ಹಂಗಿದ್ರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರೋ ಜೆರೆಮಯ್ಯ ಓಬ್ರಯನ್ ಇನ್ನೂ ಹೆಂಗೆ ಉಳ್ಕೊಂಡಿದೆ?

ಉತ್ತರ: ಅದನ್ನ 33 ವರ್ಷ ಯಾರೂ ಮುಟ್ಲಿಲ್ಲ, ಅದಕ್ಕೇ ಉಳೀತು. ತಮಾಷೆ ಅಲ್ಲ, ನಿಜವಾಗ್ಲೂ.

ಮೊದ್ಲು ಅವಸರದ ವಿಷ್ಯ. ಜರ್ಮನ್ ಸಬ್‌ಮರೀನ್‌ಗಳು ಅಟ್ಲಾಂಟಿಕ್‌ನಲ್ಲಿ ಸರಕಿನ ಹಡಗುಗಳನ್ನ ಮುಳುಗಿಸ್ತಾನೇ ಇದ್ವು, ಮುಳುಗೋದಕ್ಕಿಂತ ಬೇಗ ಕಟ್ಬೇಕಿತ್ತು, ಅದಕ್ಕೆ ಬ್ರಿಟಿಷರ ಒಂದು ಹಳೇ ಸಿಂಪಲ್ ಡಿಸೈನ್ ಹಿಡ್ಕೊಂಡು, ರಿವೆಟ್ (ತಗಡು ಜೋಡಿಸೋ ಮೊಳೆ) ಹೊಡೆಯೋದು ಬಿಟ್ಟು ವೆಲ್ಡಿಂಗ್ ಮಾಡಿ, ತುಂಡು ತುಂಡಾಗಿ ಮಾಡಿಟ್ಟು ಜೋಡಿಸ್ತಾ ಹೋಗಿ 2,700ಕ್ಕೂ ಜಾಸ್ತಿ ಹಡಗು ಇಳಿಸಿಬಿಟ್ರು. ಒಂದನ್ನಂತೂ ಪಬ್ಲಿಸಿಟಿಗೆ ಅಂತ ಐದು ದಿನದೊಳಗೇ ನೀರಿಗೆ ಬಿಟ್ರು. ಓಬ್ರಯನ್ ಮೇನ್ ರಾಜ್ಯದಲ್ಲಿ 56 ದಿನದಲ್ಲಿ ರೆಡಿ ಆಗಿದ್ದು, 1943ರ ಜೂನಲ್ಲಿ.

ಅವಸರಕ್ಕೆ ಬೆಲೆ ತೆರಬೇಕಾಯ್ತು. ಚಳಿ ನೀರಲ್ಲಿ ಕೆಲವು ಹಡಗು ಸೀಳಿ ಎರಡು ತುಂಡಾದ್ವು. ಎಲ್ಲಾ ವೆಲ್ಡರ್‌ಗಳ ತಪ್ಪು ಅಂತ ಬೈದ್ರು, ಆದ್ರೆ ಕೇಂಬ್ರಿಡ್ಜ್‌ನ ಕಾನ್ಸ್ಟನ್ಸ್ ಟಿಪ್ಪರ್ ಅನ್ನೋ ವಿಜ್ಞಾನಿ, ಆ ಉಕ್ಕೇ ಚಳಿಗೆ ಪೆಡಸಾಗಿ ಗಾಜಿನ ಥರ ಒಡೆಯತ್ತೆ ಅಂತ ತೋರಿಸಿಕೊಟ್ರು. ರಿವೆಟ್ ಹಡಗಾದ್ರೆ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ತಿತ್ತು. ವೆಲ್ಡ್ ಮಾಡಿದ್ರೆ ಇಡೀ ಹಡಗೇ ಒಂದೇ ತಗಡು ಇದ್ದಂಗೆ, ಬಿರುಕು ಓಡ್ತಾನೇ ಇರತ್ತೆ.

ಓಬ್ರಯನ್‌ಗೆ ಆ ಗತಿ ಬರಲಿಲ್ಲ. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದಾಗ, ಇಂಗ್ಲೆಂಡಿಂದ ಅಲ್ಲಿಗೆ 11 ಸಲ ಹೋಗಿ ಬಂತು. ಯುದ್ಧ ಮುಗಿದ ಮೇಲೆ 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ರ ಸುಯಿಸನ್ ಬೇ ಅನ್ನೋ ಕೊಲ್ಲಿಯಲ್ಲಿ ಬೇರೆ ಹಡಗುಗಳ ಜೊತೆ ಸಾಲಾಗಿ ಕಟ್ಟಿಹಾಕಿದ್ರು. ಜೊತೆಯವು ಕೆಲವನ್ನ ಗ್ರೀಕ್ ವ್ಯಾಪಾರಿಗಳು ತಗೊಂಡು ದುಡಿಸಿ ಹಾಕಿದ್ರು, ಉಳಿದವು ಒಂದೊಂದಾಗಿ ಗುಜರಿಗೆ ಹೋದ್ವು. ಪ್ಯಾಟರ್ಸನ್ ಅಂತ ಒಬ್ಬ ಅಧಿಕಾರಿ ಇದ್ರು. ಗುಜರಿಗೆ ಯಾವ್ದು ಅಂತ ಆರಿಸೋಕೆ ಬಂದವ್ರು ಇದನ್ನ ನೋಡ್ತಾರೆ, ಒಂದು ಬೋಲ್ಟ್ ಕೂಡ ಬದಲಾಯಿಸದೆ ಯುದ್ಧದ ದಿನ ಇದ್ದಂಗೇ ಇದೆ. ಆಮೇಲಿಂದ ಪ್ರತಿ ಸಲ ಪಟ್ಟಿಯಲ್ಲಿ ಇದರ ಹೆಸರು ಕೊನೆಗೆ ತಳ್ತಾ ಬಂದ್ರು. ನಮ್ಮ ಸರ್ಕಾರಿ ಆಫೀಸಲ್ಲಿ ಫೈಲ್ ಅಡಿಗೆ ಹೋದ್ರೆ ಶಾಪ ಹಾಕ್ತೀವಿ, ಇಲ್ಲಿ ಅದೇ ಪುಣ್ಯ ಆಯ್ತು ನೋಡಿ.

1979ರಲ್ಲಿ ವಾಲಂಟಿಯರ್‌ಗಳು ಗಟ್ಟಿಯಾಗಿದ್ದ ಗ್ರೀಸೆಲ್ಲಾ ಕೆರೆದು, ಬಾಯ್ಲರ್ ಹಚ್ಚಿ, ಇನ್ನೊಂದು ಹಡಗಿಂದ ಎಳೆಸದೆ ತನ್ನ ಸ್ಟೀಮಲ್ಲೇ ಹೊರಗೆ ತಂದ್ರು. ಇಂಜಿನ್ ಹಳೇ ಕಾಲದ್ದಾಗಿದ್ದೇ ಇಲ್ಲಿ ಅನುಕೂಲ. ಮೂರು ಸಿಲಿಂಡರ್, ಒಂದಕ್ಕಿಂತ ಒಂದು ದೊಡ್ಡದು, ಒಂದೇ ಸ್ಟೀಮ್ ಮೂರು ಸಲ ದುಡಿಯತ್ತೆ. ಎಲ್ಲಾ ಕಣ್ಣೆದುರಿಗೇ ತೆರೆದಿರತ್ತೆ. ತಿರುಗ್ತಿರೋ ಕ್ರ್ಯಾಂಕ್ ಕೆಳಗೆ ಬಂದಾಗ ಆಯಿಲ್ ಹಾಕೋನು ಲಯ ಹಿಡಿದು ಟಕ್ ಅಂತ ಕೈ ತಾಗಿಸಿ ಬೇರಿಂಗ್ ಬಿಸಿ ಆಗಿದ್ಯಾ ಅಂತ ನೋಡ್ತಾನೆ, ಲಯ ತಪ್ಪಿದ್ರೆ ಕೈ ಹೋಯ್ತು ಅಷ್ಟೇ! ಟೈಟಾನಿಕ್ ಸಿನಿಮಾದ ಇಂಜಿನ್ ರೂಂ ದೃಶ್ಯಕ್ಕೆ ಇದನ್ನೇ ಶೂಟ್ ಮಾಡಿದ್ದು.

1994ರಲ್ಲಿ, ನಾರ್ಮಂಡಿಗೆ ಸೇನೆ ಇಳಿದ ಐವತ್ತನೇ ವರ್ಷಕ್ಕೆ, ಬಹುತೇಕ ಮುದುಕರೇ ಸೇರ್ಕೊಂಡು ಪನಾಮಾ ಕಾಲುವೆ ದಾಟಿ ಇದನ್ನ ಮತ್ತೆ ನಾರ್ಮಂಡಿಗೆ ಓಡಿಸ್ಕೊಂಡು ಹೋದ್ರು. 2020ರ ಮೇ ತಿಂಗಳಲ್ಲಿ ಪಕ್ಕದ ಶೆಡ್‌ಗೆ ಬೆಂಕಿ ಬಿದ್ದಾಗ ಫೈರ್‌ಬೋಟ್ ನೀರು ಹೊಡೆದೂ ಹೊಡೆದೂ ಉಳಿಸ್ಕೊಂಡಿತು.

ಅಂದಹಾಗೆ ಬಾಲ್ಟಿಮೋರಲ್ಲಿ ಜಾನ್ ಡಬ್ಲ್ಯೂ ಬ್ರೌನ್ ಅಂತ ಇನ್ನೊಂದಿದೆ. ಅದರ ಕಥೆ ಪೂರ್ತಿ ಉಲ್ಟಾ, ನ್ಯೂಯಾರ್ಕಲ್ಲಿ ವರ್ಷಗಟ್ಟಲೆ ತೇಲೋ ಹೈಸ್ಕೂಲಾಗಿತ್ತು, ಹುಡುಗರು ಅದರಲ್ಲೇ ಕೆಲಸ ಕಲಿತ್ರು.

ಆ ಕಡೆ ಹೋದೋರು ಓಬ್ರಯನ್ ಇಂಜಿನ್ ರೂಮಿಗೆ ಇಳೀದೆ ಬರಬೇಡಿ. ಏಣಿ ಕಡಿದಾಗಿದೆ, ಬಿಳಿ ಪ್ಯಾಂಟ್ ಮಾತ್ರ ಬೇಡ.