ಕಡತ

ಮೊನ್ನೆ ಶಿವಮೊಗ್ಗದ ಒಂದು ಕಚೇರಿ ಬಾಗಿಲಲ್ಲಿ ‘ಕಡಿತ ವಿಲೇವಾರಿ ಸಪ್ತಾಹ’ ಎಂಬ ಬ್ಯಾನರ್ ನೋಡಿದೆ. ಈ ವರ್ಷ ಈ ತಪ್ಪು ಕಣ್ಣಿಗೆ ಬಿದ್ದದ್ದು ಇದು ಮೂರನೆಯ ಸಲ. ಕಡಿತ ಆಗುವುದು ಸಂಬಳ, ಕರೆಂಟು, ಅನುದಾನ. ವಿಲೇವಾರಿ ಆಗುವುದು ಕಡತ.

ಹಿಂದೆ ಕಡತವನ್ನು ಕಡಿತ ಎಂದೂ ಕರೆಯುತ್ತಿದ್ದರು, ನಿಜ. ಆದರೆ ಆ ಬಳಕೆ ನಿಂತುಹೋಗಿ ಕಾಲವಾಯಿತು. ಅದನ್ನು ಈ ಬ್ಯಾನರಿಗೆ ಆಧಾರ ಮಾಡಿಕೊಳ್ಳುವುದು ಬೇಡ.

ಆಗಿನ ಕಡತ ಬಟ್ಟೆಯದು. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ, ಹತ್ತಿಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸುತ್ತಿದ್ದರು. ಆಮೇಲೆ ಕತ್ತರಿಸದೆ, ಒಂದೇ ಅಳತೆಗೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ಮರದ ಹಲಗೆ ಕೂರಿಸುತ್ತಿದ್ದರು. ಕಪ್ಪು ಮೈಮೇಲೆ ಬಿಳಿ ಬಳಪದ ಬರಹ. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಇದರ ಅಳತೆ ಬರೆದಿಟ್ಟಿದ್ದಾನೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅಂಗಡಿಯವರಿಗೆ ಅದೇ ಅನುಕೂಲ. ಜೋಪಾನ ಮಾಡಿದರೆ ತಲೆಮಾರುಗಟ್ಟಲೆ ಬಾಳುತ್ತಿತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇವೆ.

ಕತ್ತರಿಸದೆ ಎಂದೆನಲ್ಲ, ಪದದ ಜೀವ ಇರುವುದು ಅಲ್ಲೇ. ದಾಖಲೆ ಎಂದರೆ ಬಿಡಿ ಹಾಳೆ. ಒಂದು ರಸೀದಿಯೂ ದಾಖಲೆಯೇ. ಕಡತ ಮೊದಲಿಂದ ಕೊನೆಯವರೆಗೆ ಒಂದೇ ಬಟ್ಟೆ. ದಾಖಲೆಗಳ ಕಟ್ಟಿಗೆ ದಾರ ಬಿಗಿದ ಮಾತ್ರಕ್ಕೆ ಅದು ಕಡತವಾಗದು.

ಈಗಿನ ಸರ್ಕಾರಿ ಕಡತದಲ್ಲಿ ಆ ಬಟ್ಟೆಯ ಕೆಲಸ ಮಾಡುವುದು ಟಿಪ್ಪಣಿ ಹಾಳೆ. ಏನು ಬಂತು, ಏನು ಹೋಯಿತು ಎಂಬುದು ಪತ್ರವ್ಯವಹಾರದಲ್ಲಿ ಸಿಗುತ್ತದೆ. ಯಾಕೆ ಹಾಗೆ ಮಾಡಿದರು ಎಂಬುದು ಟಿಪ್ಪಣಿಯಲ್ಲಿ ಮಾತ್ರ. ಕಚೇರಿಯ ನೆನಪು ಎಂದರೆ ಅದೇ.

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ, ಹಳ್ಳ ದಾಟುವ ಕಾಲುಸಂಕದ ಕಡತವೊಂದಿತ್ತು. ಅಂದಾಜುಪಟ್ಟಿ, ಬಿಲ್ಲು, ಫೋಟೊ ಎಲ್ಲ ಸರಿಯಾಗಿದ್ದವು. ಹಳೆಯ ಸಂಕವನ್ನು ಹಳ್ಳದ ತಿರುವಿನಿಂದ ಮೇಲಕ್ಕೆ ಯಾಕೆ ಸರಿಸಿದ್ದರು ಎಂದು ಬರೆದಿದ್ದ ಟಿಪ್ಪಣಿ ಹಾಳೆ ಮಾತ್ರ ಇರಲಿಲ್ಲ. ಆ ಕಡತ ನೋಡಿಕೊಳ್ಳುತ್ತಿದ್ದ ವಿಷಯ ನಿರ್ವಾಹಕರು ವರ್ಗವಾಗಿ ಹೋಗಿದ್ದರು. ಹೊಸದನ್ನು ಮತ್ತೆ ತಿರುವಿನಲ್ಲೇ ಕಟ್ಟಿದೆವು. ಆಷಾಢದ ಮಳೆಗೆ ಸಂಕ ಹೋಯಿತು. ಶಾಲೆ ಮಕ್ಕಳು ಎರಡು ತಿಂಗಳು ಗುಡ್ಡ ಬಳಸಿ ನಡೆದರು.

ಚಾರ್ಜ್ ವಹಿಸಿಕೊಳ್ಳುವಾಗ ಎಷ್ಟು ಕಡತ ಎಂದು ಎಣಿಸಿ ಸಹಿ ಹಾಕುತ್ತೇವೆ. ಪ್ರತಿಯೊಂದರಲ್ಲೂ ಟಿಪ್ಪಣಿ ಎಷ್ಟನೆಯ ಪುಟದವರೆಗಿದೆ ಎಂಬುದನ್ನೂ ಆ ಪಟ್ಟಿಯಲ್ಲಿ ಬರೆಸಿಕೊಳ್ಳಿ.